ನಡೆದಾಡಬಹುದಾದ ಉಪನಗರದಲ್ಲಿ ಮನೆ: ಹೆಚ್ಚಿನ ದುಡ್ಡು ಹೋಗುವುದು ಯಾವುದಕ್ಕೆ?

ಮನೆ ನೋಡಲು ಹೋದವರು ಸಾಮಾನ್ಯವಾಗಿ ನೋಡುವುದು ಗೋಡೆಯ ಒಳಗಿನದನ್ನು. ರೂಮು ಎಷ್ಟಿವೆ, ಬೆಳಕು ಬರುತ್ತಾ, ನೀರಿನ ಕಥೆ ಏನು, ಅಡುಗೆಮನೆ ಕಿರಿದಾಯ್ತಾ. ಆದರೆ 'ಇಲ್ಲಿ ಎಲ್ಲದಕ್ಕೂ ನಡೆದೇ ಹೋಗಬಹುದು' ಎಂದು ಹೇಳಿ ಜಾಸ್ತಿ ಬೆಲೆ ಕೇಳುವ ಮನೆ ಇದೆಯಲ್ಲ, ಅದರಲ್ಲಿ ಆ ಜಾಸ್ತಿ ದುಡ್ಡು ಹೋಗುವುದು ಗೋಡೆಯ ಹೊರಗಿನದಕ್ಕೆ. ಫುಟ್‌ಪಾತಿಗೆ, ಮೂಲೆಯ ಅಂಗಡಿಗೆ, ಶಾಲೆಗೆ, ಸ್ಟೇಷನ್ನಿಗೆ. ಇವುಗಳಲ್ಲಿ ಒಂದೂ ನಿಮ್ಮ ಕ್ರಯಪತ್ರದಲ್ಲಿ ಇರುವುದಿಲ್ಲ. ನಾಳೆ ಅಂಗಡಿಯವರು ಬಾಗಿಲು ಹಾಕಿಕೊಂಡು ಹೋದರೆ, ಬಸ್ಸು ನಿಂತುಹೋದರೆ, ಯಾರ ಹತ್ತಿರವೂ ಹೋಗಿ ಕೇಳುವ ಹಾಗಿಲ್ಲ.

ಹಾಗಂತ ಇಂಥ ಮನೆ ಬೇಡ ಎಂದು ಹೇಳುತ್ತಿಲ್ಲ. ಕೈಗೆಟುಕುವುದಾದರೆ ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಆ ಹತ್ತಿರದ ಸುಖ ಯಾವುದರ ಮೇಲೆ ನಿಂತಿದೆ ಎಂದು ಗೊತ್ತಿದ್ದು ಕೊಳ್ಳಬೇಕು. ಅದು ನಿಂತಿರುವುದು ಅಕ್ಕಪಕ್ಕದ ಜನರ ಮೇಲೆ, ಅವರ ಸಂಖ್ಯೆಯ ಮೇಲೆ. ಮನೆ ಕೊಂಡವರು ಎಲ್ಲರಿಗಿಂತ ಮೊದಲು ಮರೆಯುವುದು ಇದನ್ನೇ.

ಬೆಲೆ ಜಾಸ್ತಿ ಎಂಬುದು ಬರೀ ಏಜೆಂಟರ ಮಾತಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋ ಕಾರ್ಟ್‌ರೈಟ್ 2009ರಲ್ಲಿ ಅಲ್ಲಿನ 15 ಮಾರುಕಟ್ಟೆಗಳ ಮನೆ ಮಾರಾಟದ ಲೆಕ್ಕ ತೆಗೆದು ನೋಡಿದರು. ಅವುಗಳಲ್ಲಿ 13 ಕಡೆ, ನಡೆದು ಹೋಗಲು ಅನುಕೂಲವಿದ್ದಷ್ಟೂ ಮನೆಯ ಬೆಲೆ ಮೇಲಿತ್ತು. ವಿಸ್ತೀರ್ಣ, ಮನೆಯ ವಯಸ್ಸು, ನಗರದ ಮಧ್ಯಕ್ಕೆ ಇರುವ ದೂರ ಇವನ್ನೆಲ್ಲ ಬೇರ್ಪಡಿಸಿ ನೋಡಿದ ಮೇಲೂ ಹೀಗೇ. ಜನಕ್ಕೆ ಇದು ಬೇಕು, ಆದರೆ ಸಿಗುವುದು ಕಡಿಮೆ. ಬೆಲೆ ಏರುವುದು ಅಲ್ಲೇ.

ಯಾಕೆ ಕಡಿಮೆ? ಮೊದಮೊದಲು ಹೀಗಿರಲಿಲ್ಲ. ಉಪನಗರ ಎಂಬುದೇ ನಡೆಯುವವರಿಗಾಗಿ ಹುಟ್ಟಿದ ಜಾಗ. 1888ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ಫ್ರಾಂಕ್ ಸ್ಪ್ರೇಗ್ ವಿದ್ಯುತ್ ಟ್ರಾಮ್ ಓಡಿಸಿ ತೋರಿಸಿದ ಮೇಲೆ, ಊರಿನ ಹೊರಗೆ ಟ್ರಾಮ್ ಹಳಿಯ ಉದ್ದಕ್ಕೂ ಬಡಾವಣೆಗಳು ಎದ್ದವು. ಟ್ರಾಮ್ ಇಳಿದವರು ಮನೆಗೆ ನಡೆದೇ ಹೋಗಬೇಕಿತ್ತು. ಹಾಗಾಗಿ ಮನೆಗಳು ಹಳಿಗೆ ಹತ್ತಿರ, ಸೈಟು ಸಣ್ಣದು, ನಿಲ್ದಾಣದ ಪಕ್ಕದಲ್ಲೇ ಅಂಗಡಿ. ಜಪಾನಿನಲ್ಲಿ ಇಚಿಜೊ ಕೊಬಯಾಶಿ ಎಂಬ ಉದ್ಯಮಿ ಇದನ್ನೇ ವ್ಯಾಪಾರ ಮಾಡಿಕೊಂಡರು. 1910ರಲ್ಲಿ ಒಸಾಕಾದಿಂದ ಅವರ ಕಂಪನಿಯ ರೈಲು ಶುರುವಾಯಿತು, ಮುಂದೆ ಹಂಕ್ಯೂ ಎಂದು ಹೆಸರಾಯಿತು. ಹಳಿಯ ಪಕ್ಕದ ಇಕೆದಾದಲ್ಲಿ ಅದೇ ಕಂಪನಿ ಮನೆ ಕಟ್ಟಿಸಿ ಮಾಸಿಕ ಕಂತಿನಲ್ಲಿ ಮಾರಿತು. ಮನೆ ಕೊಂಡವರು ರೈಲಿನ ಗಿರಾಕಿಗಳೂ ಆದರು. ಹಳಿಯ ಒಂದು ತುದಿಯಲ್ಲಿ ಮನರಂಜನೆಯ ಊರು ಕಟ್ಟಿದರು, ಇನ್ನೊಂದು ತುದಿಯಲ್ಲಿ ದೊಡ್ಡ ಅಂಗಡಿ ತೆರೆದರು. ಜಾಣ ಮನುಷ್ಯ. ರೈಲು, ಮನೆ, ಅಂಗಡಿ ಮೂರೂ ಒಂದೇ ಜೇಬಿಗೆ ಸೇರಿದ್ದರಿಂದ ಮೂರನ್ನೂ ಹತ್ತಿರ ಹತ್ತಿರ ಇಡುವುದು ಅವರಿಗೇ ಲಾಭವಾಗಿತ್ತು.

ಇದನ್ನು ಕೆಡಿಸಿದ್ದು ಕಾರು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಕಾರಿನಷ್ಟೇ ಕೆಲಸ ಕಾನೂನೂ ಮಾಡಿದೆ. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಯೂಕ್ಲಿಡ್ ಎಂಬ ಊರಿನ ವ್ಯಾಜ್ಯ ಬಂತು. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಪಕ್ಕದ ಉಪನಗರ ಅದು. ಮನೆ ಇಲ್ಲಿ, ಅಂಗಡಿ ಅಲ್ಲಿ, ಕಾರ್ಖಾನೆ ಆ ಕಡೆ ಎಂದು ಜಾಗವನ್ನು ಪಾಲು ಮಾಡುವ ಅಧಿಕಾರ ಊರಾಡಳಿತಕ್ಕೆ ಇದೆಯಾ ಎಂಬುದು ಪ್ರಶ್ನೆ. ಇದೆ ಎಂದಿತು ಕೋರ್ಟು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್, ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟು ಎಷ್ಟೋ ಸಲ ಬರೀ ಪರಾವಲಂಬಿ ಎಂದು ಬರೆದರು. ಪಕ್ಕದ ಒಳ್ಳೆಯ ವಾತಾವರಣವನ್ನು ಹೀರಿಕೊಂಡು ಬದುಕುತ್ತದೆ ಎಂಬ ಅರ್ಥದಲ್ಲಿ. ಕಾರ್ಖಾನೆಯ ಹೊಗೆಯನ್ನು ಮನೆಯಿಂದ ದೂರ ಇಡುವುದು ನ್ಯಾಯವೇ. ಆದರೆ ಆ ನೆಪದಲ್ಲಿ ತರಕಾರಿ ಅಂಗಡಿ, ದರ್ಜಿ, ಎರಡು ಮಹಡಿಯ ಬಾಡಿಗೆ ಮನೆ ಎಲ್ಲವೂ ದೂರ ಹೋದವು. ಆಮೇಲೆ ಅಲ್ಲಿನ ಎಷ್ಟೋ ಬಡಾವಣೆಗಳಲ್ಲಿ ಒಂದು ಸೈಟಿಗೆ ಒಂದೇ ಮನೆ ಎಂಬುದೇ ನಿಯಮವಾಯಿತು.

ಜಪಾನು ಬೇರೆ ದಾರಿ ಹಿಡಿಯಿತು. ಅಲ್ಲಿ ವಲಯಗಳ ವಿಂಗಡಣೆ ಇಡೀ ದೇಶಕ್ಕೆ ಒಂದೇ. ಅತಿ ಕಟ್ಟುನಿಟ್ಟಿನ ವಸತಿ ವಲಯದಲ್ಲೂ ಮನೆಯ ಒಂದು ಭಾಗದಲ್ಲಿ 50 ಚದರ ಮೀಟರ್ ಒಳಗಿನ ಅಂಗಡಿ ನಡೆಸಬಹುದು. ಸಣ್ಣ ವಿನಾಯಿತಿ ಅನ್ನಿಸುತ್ತದೆ ಅಲ್ವಾ? ಆದರೆ ಕಾಗದ, ಪೆನ್ನು, ಕ್ಷೌರ, ಹಾಲು ಇಂಥ ದಿನದ ಅಗತ್ಯಗಳೆಲ್ಲ ನಡೆದೇ ಮುಗಿಯುವುದು ಆ 50 ಚದರ ಮೀಟರ್‌ಗಳಿಂದ.

ಇನ್ನೊಂದು ನಿಯಮ ಪಾರ್ಕಿಂಗಿನದು. ಇಂತಿಷ್ಟು ಚದರ ಅಡಿ ಕಟ್ಟಿದರೆ ಇಂತಿಷ್ಟು ಕಾರಿಗೆ ಜಾಗ ಬಿಡಲೇಬೇಕು ಎಂಬುದು. ಒಂದು ಕಾರು ನಿಲ್ಲಲು 12 ಚದರ ಮೀಟರ್ ಸಾಕು. ಆದರೆ ಅದು ಒಳಗೆ ಬಂದು ತಿರುಗಿ ಹೋಗುವ ಜಾಗವನ್ನೂ ಸೇರಿಸಿದರೆ 25ರಿಂದ 30 ಆಗುತ್ತದೆ. ಅಂದರೆ ಒಂದು ರೂಮಿನ ಸಣ್ಣ ಮನೆಯಷ್ಟು ನೆಲ. ಅಂಗಡಿಗಳ ಮುಂದೆ ಇದೇ ಲೆಕ್ಕದಲ್ಲಿ ಡಾಂಬರು ಹಾಸುತ್ತಾ ಹೋದರೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಇರುವ ದೂರವೇ ಹಿಗ್ಗುತ್ತಾ ಹೋಗುತ್ತದೆ. ನಡೆಯುವವರು ಬಿಸಿಲಲ್ಲಿ ಕಾರುಗಳ ನಡುವೆ ದಾರಿ ಹುಡುಕಬೇಕು. ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ದಶಕಗಳ ಕಾಲ ಇದನ್ನೇ ಹೇಳುತ್ತಾ ಬಂದರು: ಪುಕ್ಕಟೆ ಪಾರ್ಕಿಂಗ್ ಎಂಬುದು ಪುಕ್ಕಟೆ ಅಲ್ಲ, ಅದರ ಖರ್ಚು ಮನೆಯ ಬೆಲೆಯಲ್ಲಿ, ಬಾಡಿಗೆಯಲ್ಲಿ, ಸಾಮಾನಿನ ರೇಟಿನಲ್ಲಿ ಅಡಗಿ ಕೂತಿರುತ್ತದೆ, ಕಾರಿಲ್ಲದವರೂ ಅದನ್ನು ಕಟ್ಟುತ್ತಾರೆ. 2017ರಲ್ಲಿ ಬಫಲೋ ನಗರ ಈ ಕಡ್ಡಾಯವನ್ನು ಊರಿಗೆಲ್ಲ ತೆಗೆದುಹಾಕಿತು. ಆಮೇಲೆ ಅಮೆರಿಕದ ಹಲವು ನಗರಗಳು ಅದೇ ದಾರಿಯಲ್ಲಿ ನಡೆದವು.

ಈಗ ಸ್ವಲ್ಪ ಗಣಿತ. ಬೇಜಾರು ಮಾಡಿಕೊಳ್ಳಬೇಡಿ, ಇಡೀ ವಿಷಯದ ಜೀವ ಇಲ್ಲೇ ಇದೆ.

ಮನುಷ್ಯ ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತಾನೆ. ಹತ್ತು ನಿಮಿಷಕ್ಕೆ 800 ಮೀಟರ್. ಅಂಗಡಿಯನ್ನು ನಡುವೆ ಇಟ್ಟು 800 ಮೀಟರ್ ದೂರಕ್ಕೆ ಸುತ್ತು ಹಾಕಿದರೆ ಸುಮಾರು 200 ಹೆಕ್ಟೇರ್ ಸಿಗುತ್ತದೆ. ಆದರೆ ಯಾರೂ ಮನೆಗಳ ಮೇಲೆ ಹಾರಿ ಹೋಗುವುದಿಲ್ಲ. ಅಡ್ಡರಸ್ತೆ, ಉದ್ದರಸ್ತೆ ಸರಿಯಾಗಿ ಹೆಣೆದುಕೊಂಡಿರುವ ಬಡಾವಣೆಯಲ್ಲೂ ನಿಜಕ್ಕೂ ಹತ್ತು ನಿಮಿಷದಲ್ಲಿ ತಲುಪಬಹುದಾದ ಜಾಗ ಇದರ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ, ಸುಮಾರು 128 ಹೆಕ್ಟೇರ್. ರಸ್ತೆಗಳು ತುದಿ ಮುಚ್ಚಿಕೊಂಡು ಸುತ್ತಿ ಸುತ್ತಿ ಹೋಗುವ ಬಡಾವಣೆಯಲ್ಲಿ ಇನ್ನೂ ಎಷ್ಟೋ ಕಡಿಮೆ. ಹಿಂದಿನ ಬೀದಿಯ ಮನೆಯ ಟೆರೇಸ್ ನಿಮ್ಮ ಕಿಟಕಿಯಿಂದ ಕಾಣುತ್ತಿರುತ್ತದೆ, ಅಲ್ಲಿಗೆ ಹೋಗಲು ಮಾತ್ರ ಮುಖ್ಯರಸ್ತೆಗೆ ಬಂದು ಬಳಸಿಕೊಂಡು ಹೋಗಬೇಕು.

ಆ 128 ಹೆಕ್ಟೇರಿನಲ್ಲಿ ಹೆಕ್ಟೇರಿಗೆ 10 ಮನೆ ಇದ್ದರೆ ಅಂಗಡಿಗೆ ನಡೆದು ಬರಬಹುದಾದ ಮನೆಗಳು 1,280. ಹೆಕ್ಟೇರಿಗೆ 50 ಇದ್ದರೆ 6,400. ಮೊದಲನೆಯ ಬಡಾವಣೆಯಲ್ಲಿ ಅಂಗಡಿಯವರು ನಡೆದು ಬರುವ ಗಿರಾಕಿಯನ್ನು ನಂಬಿ ಬದುಕುವುದು ಕಷ್ಟ. ಕಾರಲ್ಲಿ ಬರುವವರನ್ನು ಕರೆಯಬೇಕು, ಅದಕ್ಕೆ ಪಾರ್ಕಿಂಗ್ ಬೇಕು, ಪಾರ್ಕಿಂಗಿಗೆ ಜಾಗ ಬೇಕು, ಜಾಗ ಸಿಗುವುದು ಹೆದ್ದಾರಿ ಪಕ್ಕದಲ್ಲಿ. ಹೋಯಿತು ಮೂಲೆ ಅಂಗಡಿ. ಬಸ್ಸಿನ ಕಥೆಯೂ ಇದೇ. ಹತ್ತು ನಿಮಿಷಕ್ಕೊಂದು ಬಸ್ಸು ಬಿಡಬೇಕಾದರೆ ಹತ್ತಲು ಅಷ್ಟು ಜನ ಬೇಕು. ಜನ ಕಡಿಮೆ ಇರುವಲ್ಲಿ ಗಂಟೆಗೊಂದು ಬಸ್ಸು, ಗಂಟೆಗೊಂದು ಬಸ್ಸನ್ನು ನಂಬಿ ಯಾರೂ ಕಾರು ಮಾರುವುದಿಲ್ಲ.

ಬ್ರೋಷರುಗಳಲ್ಲಿ ಕಾಣುವ ಚಿತ್ರ ಇದಕ್ಕೆ ಉಲ್ಟಾ. ಅಗಲ ಸೈಟು, ಅಕ್ಕಪಕ್ಕ ಯಾರೂ ಇಲ್ಲ, ನಿಶ್ಶಬ್ದ. ಅದರ ಜೊತೆಗೇ ಎರಡು ಹೆಜ್ಜೆಗೆ ಎಲ್ಲ ಸೌಕರ್ಯ! ಎರಡೂ ಒಟ್ಟಿಗೆ ಸಿಗುವುದು ತೀರಾ ಅಪರೂಪ. ಹತ್ತಿರದ ಸುಖ ಬೇಕೆಂದರೆ ಹತ್ತಿರದ ಜನವೂ ಬೇಕು.

ಇನ್ನು ರಸ್ತೆ. ಒಂದು ಕಿಲೋಮೀಟರ್ ಒಳಗೆ ಎಲ್ಲವೂ ಇದ್ದು, ನಡುವೆ ದಾಟಲಾಗದ ಒಂದು ರಸ್ತೆ ಇದ್ದರೆ ಆ ಕಿಲೋಮೀಟರಿಗೆ ಅರ್ಥವಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರಿನ ಹೊಡೆತದ ಶಕ್ತಿ 30 ಕಿಲೋಮೀಟರಿನ ಕಾರಿಗಿಂತ ಹೆಚ್ಚುಕಮ್ಮಿ ಮೂರು ಪಟ್ಟು. ಅದಕ್ಕೇ ವಸತಿ ಬೀದಿಗಳಲ್ಲಿ 30ರ ಮಿತಿ ತರಲು ಯುರೋಪು ಇಷ್ಟು ಹಟ ಮಾಡುತ್ತಿದೆ. ಆಸ್ಟ್ರಿಯಾದ ಗ್ರಾಟ್ಸ್ 1992ರಲ್ಲೇ ಮುಖ್ಯರಸ್ತೆ ಬಿಟ್ಟು ಉಳಿದೆಲ್ಲ ಕಡೆ ಇದನ್ನು ತಂದಿತು. 2021ರಲ್ಲಿ ಸ್ಪೇನ್ ಊರೊಳಗಿನ, ಒಂದೊಂದು ದಿಕ್ಕಿಗೆ ಒಂದೇ ಲೇನ್ ಇರುವ ರಸ್ತೆಗಳಿಗೆಲ್ಲ ಅದನ್ನೇ ವಿಧಿಸಿತು. ಬೋರ್ಡು ಹಾಕಿದ ಮಾತ್ರಕ್ಕೆ ವೇಗ ಇಳಿಯುತ್ತಾ ಎಂದು ಕೇಳಬಹುದು. ಹೆಚ್ಚೇನೂ ಇಳಿಯುವುದಿಲ್ಲ, ರಸ್ತೆಯ ಆಕಾರವೂ ಬದಲಾಗಬೇಕು.

ಇದನ್ನು ನೋಡಲು ಯಾವುದಾದರೂ ಮೂಲೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಎರಡು ರಸ್ತೆ ಸೇರುವ ಕಡೆ ಫುಟ್‌ಪಾತಿನ ಅಂಚು ಹೇಗೆ ತಿರುಗಿದೆ ನೋಡಿ. ಚೂಪಾಗಿ ತಿರುಗಿದ್ದರೆ ಕಾರು ಬ್ರೇಕು ಹಾಕಿ ನಿಧಾನಕ್ಕೆ ತಿರುಗಲೇಬೇಕು. ದೊಡ್ಡ ಕಮಾನಿನ ಹಾಗೆ ಬಳಸಿ ತಿರುಗಿದ್ದರೆ ಕಾರು ವೇಗ ಇಳಿಸದೆ ಜಾರಿಹೋಗುತ್ತದೆ. ಜೊತೆಗೆ ದಾಟಬೇಕಾದ ಅಗಲವೂ ಆ ಮೂಲೆಯಲ್ಲಿ ಹಿಗ್ಗಿರುತ್ತದೆ. ಈಗ ಸಿಗ್ನಲ್ ನೋಡಿ. ಅಮೆರಿಕದ ಮಾರ್ಗಸೂಚಿ ಪಾದಚಾರಿಯ ವೇಗವನ್ನು ಸೆಕೆಂಡಿಗೆ 3.5 ಅಡಿ ಎಂದು ಹಿಡಿಯುತ್ತದೆ, ಅಂದರೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. 15 ಮೀಟರ್ ಅಗಲದ ರಸ್ತೆ ದಾಟಲು ಆ ಲೆಕ್ಕದಲ್ಲಿ 14 ಸೆಕೆಂಡ್. ಮಂಡಿ ನೋವಿರುವ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ ಬೇಕಾದದ್ದು ಹತ್ತಿರ ಹತ್ತಿರ 19. ಆ ಐದು ಸೆಕೆಂಡ್ ಅವರು ನಡುರಸ್ತೆಯಲ್ಲಿರುತ್ತಾರೆ. ಒಂದೆರಡು ಸಲ ಹೀಗಾದ ಮೇಲೆ ಅಜ್ಜಿ ಮನೆಯಿಂದ ಹೊರಗೆ ಕಾಲಿಡುವುದನ್ನೇ ಕಡಿಮೆ ಮಾಡುತ್ತಾರೆ. ರಸ್ತೆ ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ಸಣ್ಣ ಕಟ್ಟೆ ಇದ್ದರೆ ಸಾಕಿತ್ತು. ಅದು ಇದೆಯಾ ಇಲ್ಲವಾ ಎಂದು ಯಾವ ಜಾಹೀರಾತೂ ಹೇಳುವುದಿಲ್ಲ.

ವಾಕ್‌ಸ್ಕೋರ್ ಎಂಬ ಅಂಕವೂ ಅಷ್ಟಾಗಿ ಹೇಳುವುದಿಲ್ಲ. 2007ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಇದು ವಿಳಾಸಕ್ಕೆ 0ಯಿಂದ 100ರ ತನಕ ಅಂಕ ಕೊಡುತ್ತದೆ. 2014ರಲ್ಲಿ ಮನೆ ಮಾರಾಟದ ಕಂಪನಿ ರೆಡ್‌ಫಿನ್ ಇದನ್ನು ಕೊಂಡಿತು. ಅಂಗಡಿ, ಶಾಲೆ, ಪಾರ್ಕು ಎಷ್ಟು ಹತ್ತಿರ ಎಂಬುದೇ ಇದರ ಮುಖ್ಯ ಅಳತೆ. ಮೊದಲ ಸುತ್ತಿನ ಜರಡಿ ಹಿಡಿಯಲು ಪರವಾಗಿಲ್ಲ. ನೆರಳು, ದೀಪ, ಮುರಿದ ಫುಟ್‌ಪಾತ್, ಅಡ್ಡ ನಿಲ್ಲಿಸಿದ ಗಾಡಿ ಇವುಗಳನ್ನು ನಿಮ್ಮ ಕಾಲೇ ಅಳೆಯಬೇಕು.

ಚೆನ್ನಾಗಿ ಮಾಡಿದವರು ಹೇಗೆ ಮಾಡಿದರು? ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಪಕ್ಕದ ಹೌಟನ್ ಸುಮಾರು 50,000 ಜನರ ಉಪನಗರ. ಊರಿನ ಸುತ್ತ ಒಂದು ವರ್ತುಲ ರಸ್ತೆ. ಕಾರಲ್ಲಿ ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ಹೋಗಬೇಕಾದರೂ ಬಹುತೇಕ ಕಡೆ ಆ ವರ್ತುಲ ರಸ್ತೆಗೆ ಹೊರಟು ಸುತ್ತಿ ಬರಬೇಕು. ನಡೆಯುವವರಿಗೆ, ಸೈಕಲ್ಲಿನವರಿಗೆ ಊರಿನ ನಡುವೆ ನೇರ ದಾರಿ. ಕಾರನ್ನು ಯಾರೂ ನಿಷೇಧಿಸಿಲ್ಲ, ಹತ್ತಿರದ ಕೆಲಸಕ್ಕೆ ಅದನ್ನು ತೆಗೆಯುವುದು ತಲೆನೋವು ಅನ್ನಿಸುವ ಹಾಗೆ ಮಾಡಿದ್ದಾರೆ ಅಷ್ಟೇ. ಜರ್ಮನಿಯ ಫ್ರೈಬರ್ಗ್‌ನ ವೌಬಾನ್ ಬಡಾವಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳೆಯ ಸೇನಾ ನೆಲೆಯ ಜಾಗದಲ್ಲಿ ಕಟ್ಟಿದ ಇಲ್ಲಿ ಹೆಚ್ಚಿನ ಮನೆಗಳಿಗೆ ಬಾಗಿಲ ಮುಂದೆ ಪಾರ್ಕಿಂಗ್ ಇಲ್ಲ. ಕಾರಿದ್ದವರು ಬಡಾವಣೆಯ ಅಂಚಿನ ಗ್ಯಾರೇಜಿನಲ್ಲಿ ಜಾಗವನ್ನು ಬೇರೆಯಾಗಿ ಕೊಳ್ಳಬೇಕು. ಕಾರಿಲ್ಲದವರ ತಲೆಯ ಮೇಲೆ ಆ ಖರ್ಚು ಬೀಳುವುದಿಲ್ಲ. 2006ರಲ್ಲಿ ಟ್ರಾಮೂ ಬಂತು.

ನನಗೆ ಇವೆರಡಕ್ಕಿಂತ ಹೆಚ್ಚು ಕಲಿಸಿದ್ದು ಅಮೆರಿಕದ ಆರ್ಲಿಂಗ್ಟನ್. ವಾಷಿಂಗ್ಟನ್ ಎದುರಿಗೆ, ನದಿಯ ಆಚೆ ದಡದಲ್ಲಿರುವ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. 1970ರ ದಶಕದಲ್ಲಿ ಮೆಟ್ರೊ ಬರುವಾಗ ಅದನ್ನು ಹೆದ್ದಾರಿಯ ನಡುವೆ ಹಾಕಿದರೆ ಖರ್ಚು ಕಡಿಮೆಯಿತ್ತು. ಕೌಂಟಿಯವರು ಒಪ್ಪಲಿಲ್ಲ. ಸೊರಗಿಹೋಗಿದ್ದ ಹಳೆಯ ವ್ಯಾಪಾರದ ಬೀದಿಯ ಕೆಳಗೆ ಸುರಂಗ ತೋಡಿಸಿಕೊಂಡರು. 1979ರಲ್ಲಿ ರೈಲು ಬಾಲ್‌ಸ್ಟನ್ ತನಕ ಬಂತು. ಸ್ಟೇಷನ್ನುಗಳ ಸುತ್ತ ಎತ್ತರದ ಕಟ್ಟಡಗಳಿಗೆ ಅನುಮತಿ, ಕೆಲವು ಬೀದಿ ಆಚೆ ಹೋದರೆ ಹಳೆಯ ಒಂಟಿ ಮನೆಗಳು ಇದ್ದ ಹಾಗೇ ಇರಲಿ ಎಂಬ ಒಪ್ಪಂದ. ಇದು ಗೆದ್ದಿತು. ಒಂಟಿ ಮನೆಯವರಿಗೆ ತೋಟವೂ ಉಳಿಯಿತು, ನಡೆದು ಹೋಗುವಷ್ಟು ದೂರದಲ್ಲಿ ರೈಲು, ಅಂಗಡಿ, ಕೆಲಸ ಎಲ್ಲವೂ ಬಂತು.

ಗೆದ್ದದ್ದರಿಂದಲೇ ಬೆಲೆ ಏರಿತು. ಶಾಲೆ ಮೇಷ್ಟ್ರು, ನರ್ಸು, ಅಗ್ನಿಶಾಮಕ ಸಿಬ್ಬಂದಿ ಇಂಥವರಿಗೆ ಅಲ್ಲಿ ಮನೆ ಕೊಳ್ಳುವುದು ಕನಸಿನ ಮಾತಾಯಿತು. 2023ರ ಮಾರ್ಚಿನಲ್ಲಿ ಕೌಂಟಿಯವರು, ಒಂಟಿ ಮನೆಯ ಸೈಟುಗಳಲ್ಲಿ ಆರು ಮನೆಗಳ ತನಕ ಕಟ್ಟಬಹುದು ಎಂದು ನಿಯಮ ಬದಲಿಸಿದರು. ಕೆಲವು ಮನೆ ಮಾಲೀಕರು ಕೋರ್ಟಿಗೆ ಹೋದರು. 2024ರಲ್ಲಿ ಕೆಳಗಿನ ಕೋರ್ಟು ಆ ನಿಯಮವನ್ನು ರದ್ದು ಮಾಡಿತು, ವ್ಯಾಜ್ಯ ಮೇಲಿನ ಕೋರ್ಟಿಗೆ ಹೋಯಿತು.

ಮಾಲೀಕರ ಕಳವಳ ಸುಳ್ಳಲ್ಲ. ಮರ ಹೋಗುತ್ತದೆ, ಚರಂಡಿ ಸಾಲದು, ಶಾಲೆಯಲ್ಲಿ ಸೀಟು ಸಾಲದು. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವರು ಅನುಭವಿಸುತ್ತಿರುವ ಹತ್ತಿರದ ಸುಖ ಬಂದದ್ದು ಬೇರೆ ಯಾರೋ ಸ್ಟೇಷನ್ ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಒತ್ತೊತ್ತಾಗಿ ಬದುಕಲು ಒಪ್ಪಿದ್ದರಿಂದ. 1926ರ ತೀರ್ಪಿನ ಆ ಪರಾವಲಂಬಿ ಎಂಬ ಮಾತನ್ನು ಇಲ್ಲಿ ಯಾರಿಗೆ ಹಚ್ಚುವುದು ಎಂದು ನಾನಂತೂ ಯೋಚಿಸುತ್ತೇನೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ಜಾಗದ ಮುಕ್ಕಾಲು ಪಾಲಿನಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಕಟ್ಟುವ ಅನುಮತಿಗಳು ಜೋರಾಗಿ ಏರಿದವು. ಬೆಲೆಯ ಬಿಸಿ ಇಳಿಯುವುದು ಇಂಥ ಕಡೆಯೇ ಹೊರತು ಇರುವ ನಾಲ್ಕು ಒಳ್ಳೆಯ ಬೀದಿಗಳಿಗೆ ಎಲ್ಲರೂ ಮುಗಿಬೀಳುವಲ್ಲಿ ಅಲ್ಲ.

ಈ ನಡುವೆ 15 ನಿಮಿಷದ ನಗರ ಎಂಬ ಹೆಸರೂ ಕೇಳಿರುತ್ತೀರಿ. ದಿನದ ಅಗತ್ಯಗಳೆಲ್ಲ ಮನೆಯಿಂದ 15 ನಿಮಿಷ ನಡೆದೋ ಸೈಕಲ್ ತುಳಿದೋ ಹೋಗುವಷ್ಟು ಹತ್ತಿರ ಸಿಗಬೇಕು ಎಂದು ಪ್ಯಾರಿಸ್ಸಿನ ಪ್ರಾಧ್ಯಾಪಕ ಕಾರ್ಲೊಸ್ ಮೊರೆನೊ 2016ರಲ್ಲಿ ಮುಂದಿಟ್ಟ ಯೋಚನೆ ಅದು, 2020ರ ಚುನಾವಣೆಯಲ್ಲಿ ಅಲ್ಲಿನ ಆಗಿನ ಮೇಯರ್ ಆನ್ ಇದಾಲ್ಗೊ ಅದನ್ನು ಕೈಗೆತ್ತಿಕೊಂಡರು. ಜನರನ್ನು ಬಡಾವಣೆಯೊಳಗೆ ಕೂಡಿಹಾಕುವ ಸಂಚು ಎಂದು ಆಮೇಲೆ ಹಬ್ಬಿದ ಪುಕಾರಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಹಾಗಾದರೆ ಕೊಳ್ಳುವವರು ಲೆಕ್ಕ ಹಾಕುವುದು ಹೇಗೆ? ಬ್ಯಾಂಕು ನೋಡುವುದು ನಿಮ್ಮ ಸಂಬಳ ಮತ್ತು ಕಂತನ್ನು. ಕಾರಿನ ಸಾಲ, ಇಂಧನ, ವಿಮೆ, ರಿಪೇರಿ ಇವು ಮನೆಯ ಜಾಗಕ್ಕೆ ಅಂಟಿದ ಖರ್ಚು ಎಂದು ಅದು ನೋಡುವುದಿಲ್ಲ. ಷಿಕಾಗೊದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಹೇಳುವುದು ಎರಡನ್ನೂ ಕೂಡಿಸಿ ನೋಡಿ ಎಂದು. ಮನೆ ಮತ್ತು ಓಡಾಟ ಸೇರಿ ಆದಾಯದ ಶೇ. 45 ದಾಟಬಾರದು ಎಂಬುದು ಅವರ ಅಳತೆ. ಹೀಗೆ ನೋಡಿದರೆ ದೂರದ 'ಅಗ್ಗದ' ಮನೆ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ. ಎರಡು ಕಾರಿನ ಮನೆ ಒಂದು ಕಾರಿಗೆ ಇಳಿದರೆ ಉಳಿಯುವ ದುಡ್ಡು ಕಂತಿಗೆ ಸೇರುತ್ತದೆ. ಆದರೆ ಎಚ್ಚರ, ನಿಜಕ್ಕೂ ಇಳಿದರೆ ಮಾತ್ರ. ಸಂತೆಗೆ ನಡೆದು ಹೋಗಬಹುದು, ಕೆಲಸಕ್ಕೆ ಮಾತ್ರ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಕಾರಲ್ಲೇ ಹೋಗಬೇಕು ಎಂದಾದರೆ ಹತ್ತಿರಕ್ಕೂ ದುಡ್ಡು ಕೊಟ್ಟಿರಿ, ದೂರಕ್ಕೂ ಕೊಟ್ಟಿರಿ. ಇಂಥ ಉಪನಗರಗಳು ಬೇಕಾದಷ್ಟಿವೆ.

ಆಗುವುದಾದರೆ ಮೊದಲು ಅಲ್ಲೇ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆಗದಿದ್ದರೆ ಮಳೆಯಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಒಮ್ಮೆ ನಡೆಯಿರಿ. ಗೇಟಿನ ಒಳಗೆ ಮಾತ್ರ ಅಂದದ ಕಾಲುದಾರಿ ಇರುವ ಸಮುಚ್ಚಯಗಳನ್ನು ಕಂಡರೆ ನನಗೆ ಅನುಮಾನ. ಒಳಗಿನವರಿಗೆ ಸಂಜೆ ಸುತ್ತು ಹೊಡೆಯಲು ಸರಿ. ಆದರೆ ಆ ಗೋಡೆಯೇ ಹೊರಗಿನವರ ದಾರಿಯನ್ನು ಅರ್ಧ ಕಿಲೋಮೀಟರ್ ಬಳಸುವ ಹಾಗೆ ಮಾಡಿರುತ್ತದೆ, ಒಳಗಿನವರ ದಾರಿಯನ್ನೂ.

'ಬರಲಿದೆ' ಎಂಬುದಕ್ಕೆ ದುಡ್ಡು ಕೊಡಬೇಡಿ. ಬರಲಿರುವ ಮೆಟ್ರೊ, ಬರಲಿರುವ ಶಾಲೆ, ಬರಲಿರುವ ಮಾರುಕಟ್ಟೆ. ಬಂದರೆ ಲಾಭ, ಬರದಿದ್ದರೂ ನಷ್ಟವಾಗಬಾರದು. ಅದಕ್ಕಿಂತ ಊರಾಡಳಿತದ ಕಚೇರಿಯಲ್ಲಿ ಅಭಿವೃದ್ಧಿ ಯೋಜನೆಯ ನಕ್ಷೆ ಕೇಳಿ. ಸುತ್ತಲಿನ ಖಾಲಿ ಜಾಗಗಳಿಗೆ ಯಾವ ಬಣ್ಣ ಹಾಕಿದ್ದಾರೆ, ಕೆಳಗೆ ಅಂಗಡಿ ಮೇಲೆ ಮನೆ ಇರುವ ಕಟ್ಟಡಕ್ಕೆ ಅನುಮತಿ ಇದೆಯಾ, ಮುಖ್ಯರಸ್ತೆಯನ್ನು ಅಗಲ ಮಾಡುವ ಪ್ರಸ್ತಾವವಿದೆಯಾ ನೋಡಿ. ರಸ್ತೆ ಅಗಲವಾದರೆ ಮೊದಲು ಹೋಗುವುದು ಫುಟ್‌ಪಾತ್. ಮಾರುವವರು 'ಎದುರಿನ ಜಾಗದಲ್ಲಿ ಇನ್ನೇನೂ ಬರಲ್ಲ, ಯಾವತ್ತೂ ಹೀಗೇ ಇರುತ್ತೆ' ಎಂದು ದೊಡ್ಡ ಗುಣದ ಹಾಗೆ ಹೇಳಿದರೆ, ಹತ್ತಿರದ ಅಂಗಡಿಗೆ ಈಗ ದಿನಕ್ಕೆ ಎಷ್ಟು ಜನ ನಡೆದು ಬರುತ್ತಾರೆ ಎಂದು ಆ ಅಂಗಡಿಯವರನ್ನೇ ಒಂದು ಮಾತು ವಿಚಾರಿಸಿ.